ಏರೋಡ್ರಂ ನೋಡಲು ಹೋದವಳು

"ಐದು ಟಿಕೆಟ್ ಕೇಳಿದ್ರೆ ಹದಿನೈದು ಪ್ರಶ್ನೆ ಕೇಳ್ತೀರಲ್ಲ! ನೀವು ಟಿಕೆಟ್ ಕೊಡೋಕೆ ಕೂತಿದೀರೋ, ಹೆಣ್ಣು ಕೇಳೋಕೆ ಬಂದಿದೀರೋ?"

ಮಾತು ಬಾಯಿಂದ ಜಾರಿದ ಮೇಲೆ ಹಾಲಮ್ಮ ನಾಲಿಗೆ ಕಚ್ಚಿಕೊಂಡಳು. ಹಿಂದೆ ಸಾಲಿನಲ್ಲಿ ನಿಂತವರು ಗೊಳ್ಳೆಂದು ನಕ್ಕರು.

ಆಗ ಅಜ್ಜಂಪುರದ ರೈಲ್ವೆ ಸ್ಟೇಷನ್ನಿನ ಟಿಕೆಟ್ ಕಿಂಡಿ ಒಂದು ಕೈ ತೂರುವಷ್ಟೇ ಅಗಲವಿತ್ತು. ಒಳಗೆ ಕೂತವನ ಮುಖ ಕಾಣುತ್ತಿರಲಿಲ್ಲ, ಕೈ ಮಾತ್ರ ಕಾಣುತ್ತಿತ್ತು. ಈ ಕೈಯ ತೋರುಬೆರಳಿಗೆ ಮಸಿ ಮೆತ್ತಿತ್ತು. ಹೊಸದಾಗಿ ಬಂದ ಬುಕಿಂಗ್ ಕ್ಲರ್ಕು, ಹೆಸರು ಓಂಕಾರಮೂರ್ತಿ, ಕಡೂರಿನ ಕಡೆಯವನು ಎಂಬುದಷ್ಟೇ ಊರಿಗೆ ಗೊತ್ತಿತ್ತು.

ಆ ಕೈ ಒಂದು ಕ್ಷಣ ನಿಂತಿತು. ಆಮೇಲೆ ದನಿ ಬಂತು.

"ಹೆಣ್ಣು ಕೇಳೋಕೆ ಬಂದೋರು ಇಷ್ಟೊಂದು ಕೇಳಲ್ಲ ಟೀಚರ್ರೇ. ಹಾಡೋಕೆ ಬರುತ್ತಾ ಅಂತ ಕೇಳಿ, ಉಪ್ಪಿಟ್ಟು ತಿಂದು ಎದ್ದು ಹೋಗ್ತಾರೆ. ಬೆಂಗಳೂರಿಗೆ ಎರಡು ದಿನ ನಾಟಕ ನೋಡೋಕೆ ಹೋಗ್ತೀವಿ ಅಂತೀರಿ. ಎಲ್ಲಿ ಇಳ್ಕೊಳ್ತೀರಿ? ನಾಟಕ ಎಷ್ಟೊತ್ತಿಗೆ ಬಿಡುತ್ತೆ? ವಾಪಸ್ ಯಾವ ಗಾಡಿಗೆ? ಒಂದೂ ಗೊತ್ತಿಲ್ದೆ ಟಿಕೆಟ್ ತಗೊಂಡು ಏನ್ಮಾಡ್ತೀರಿ?"

ಉಪ್ಪಿಟ್ಟಿನ ಮಾತು ಹಾಲಮ್ಮನಿಗೆ ಚುಚ್ಚಿತು. ಹಾಗೆ ಉಪ್ಪಿಟ್ಟು ತಿಂದು ಎದ್ದು ಹೋದವರನ್ನು ಅವಳು ಎರಡು ಸಲ ಕಂಡಿದ್ದಳು!

ಅದು 1981ರ ಜನವರಿ. ಹಾಲಮ್ಮ ಊರಿನ ಪ್ರೈಮರಿ ಶಾಲೆಯ ಟೀಚರು, ವಯಸ್ಸು ಇಪ್ಪತ್ನಾಲ್ಕು. ತಾಯಿ ಇಲ್ಲದ ಮಗಳನ್ನು ಸೋದರತ್ತೆ ಕರಿಬಸಮ್ಮ ಸಾಕಿದ್ದಳು. ಅಪ್ಪ ಮಲ್ಲಿಕಾರ್ಜುನಪ್ಪ ಮಂಡಿ ಇಟ್ಟವರು, ಮಾತು ಕಮ್ಮಿ, ಮೀಸೆ ಜಾಸ್ತಿ. ನಾಟಕವೆಂದರೆ ಹಾಲಮ್ಮನಿಗೆ ಪ್ರಾಣ. ತರೀಕೆರೆಯಲ್ಲಿ ನಾಟಕದ ಕಂಪನಿ ಡೇರೆ ಹಾಕಿದಾಗಲೆಲ್ಲ ಅತ್ತೆಯನ್ನು ಕಾಡಿ ಬೇಡಿ ಬಸ್ಸು ಹತ್ತಿಸುತ್ತಿದ್ದಳು. ಬೆಂಗಳೂರಿನ ಕಲಾಕ್ಷೇತ್ರದಲ್ಲಿ ಶನಿವಾರ ಒಂದು, ಭಾನುವಾರ ಒಂದು ಎಂದು ಹೊಸ ನಾಟಕ ಆಡುತ್ತಾರೆಂದು ಪೇಪರಿನಲ್ಲಿ ಓದಿ ಎರಡು ವರ್ಷದಿಂದ ಅಪ್ಪನನ್ನು ಕೇಳುತ್ತಿದ್ದಳು. ಎರಡು ವರ್ಷವೂ ಅಪ್ಪ "ಸುಮ್ನಿರವ್ವ" ಅಂದಿದ್ದರು.

ಈ ವರ್ಷ ಕೇಳುವ ಮೊದಲೇ ಅವರೇ ಹೇಳಿದರು. "ಮುಂದಿನ ತಿಂಗಳು ಬೆಂಗಳೂರಿಗೆ ಹೋಗಾನ ಕಣವ್ವ. ನಾನು, ಅತ್ತೆ, ನಿಮ್ಮ ಚಿಕ್ಕಪ್ಪ ಚಿಕ್ಕಮ್ಮ ಎಲ್ಲಾ ಬತ್ತೀವಿ. ನಾಟಕ ನೋಡೀವಂತೆ."

ಹಾಲಮ್ಮ ಅಪ್ಪನ ಮಾತನ್ನು ಹಾಗೇ ನಂಬಿದಳು. ಕೇಳದೆ ಕೊಟ್ಟ ವರವನ್ನು ತಿರುಗಿಸಿ ನೋಡಬೇಕು ಅಂತ ಅವಳಿಗೆ ಯಾರೂ ಕಲಿಸಿರಲಿಲ್ಲ.

ಆ ದಿನ ಕಿಂಡಿಯ ಎದುರು ಮುಖ ಸಣ್ಣದು ಮಾಡಿಕೊಂಡು ನಿಂತಾಗ, ಒಳಗಿನ ಕೈ ಒಂದು ಹಳೆಯ ಫಾರಮ್ಮನ್ನು ಬೆನ್ನು ಮೇಲಾಗಿ ಹೊರಗೆ ತಳ್ಳಿತು.

"ಇನ್ನೂ ಐದು ವಾರ ಇದೆ. ಮಧ್ಯಾಹ್ನ ಮೂರಕ್ಕೆ ಇಲ್ಲಿ ಯಾವ ಗಾಡೀನೂ ಇಲ್ಲ. ಶಾಲೆ ಬಿಟ್ಟ ಮೇಲೆ ಬನ್ನಿ. ಕೂತು ಯೋಜನೆ ಹಾಕಿ ಕೊಡ್ತೀನಿ."

ಹೋಗಬಾರದು ಅಂದುಕೊಂಡಳು... ಮಾರನೆಯ ದಿನವೇ ಹೋದಳು!

* * *

ಹಾಗೆ ಶುರುವಾಯಿತು. ಬೇರೆಯವರು ಪ್ರೇಮಪತ್ರ ಬರೆಯುವ ವಯಸ್ಸಿನಲ್ಲಿ ಇವರಿಬ್ಬರೂ ರೈಲಿನ ಹೊತ್ತು ಬರೆದುಕೊಂಡರು.

"ತರೀಕೆರೆಗೆ ಹೋಗಿ ಬೆಂಗಳೂರು ಬಸ್ಸು ಹತ್ತಿದ್ರೆ ಬೇಗ ಅಲ್ವಾ?"

"ಬೇಗ ಸರಿ. ಆದ್ರೆ ನಿಮ್ಮತ್ತೆ ಆರೇಳು ಗಂಟೆ ಬಸ್ಸಲ್ಲಿ ಕಾಲು ಮಡಚಿಕೊಂಡು ಕೂರ್ತಾರಾ? ಇಲ್ಲಿಂದ ಷಟ್ಲಿಗೆ ಬೀರೂರು, ಅಲ್ಲಿಂದ ಬೆಂಗಳೂರು ಗಾಡಿ. ಅವರು ಕಾಲು ಚಾಚಬಹುದು, ಎದ್ದು ಓಡಾಡಬಹುದು."

"ಮೆಜೆಸ್ಟಿಕ್ ಹತ್ರ ಛತ್ರ ಇದೆಯಂತೆ, ಅಗ್ಗವಂತೆ."

"ಅಲ್ಲಿ ಇಪ್ಪತ್ತು ರೂಮಿಗೆ ಒಂದು ಬಚ್ಚಲು. ನಿಮ್ಮತ್ತೆಯವರದು ಬೆಳಗ್ಗೆ ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕಲ್ಲ ಅಂದ್ರಲ್ಲ? ಸಾಲಲ್ಲಿ ನಿಂತು ಸ್ನಾನ ಮಾಡಿ ಅವರು ಪೂಜೆಗೆ ಕೂರೋಷ್ಟರಲ್ಲಿ ಹನ್ನೊಂದಾಗುತ್ತೆ. ಸ್ಟೇಷನ್ ಎದುರಿಗಿನ ಲಾಡ್ಜೂ ಬೇಡ, ಕೆಳಗೇ ಮಾಂಸದ ಹೋಟ್ಲು. ಕಲಾಕ್ಷೇತ್ರದ ಹತ್ರ ಒಂದು ಲಾಡ್ಜ್ ಇದೆ. ರೂಮಲ್ಲೇ ಬಚ್ಚಲು, ಬೆಳಗ್ಗೆ ಬಿಸಿನೀರು, ನಾಟಕಕ್ಕೆ ನಡ್ಕೊಂಡೇ ಹೋಗಬಹುದು. ನಮ್ಮ ಗಾರ್ಡ್ ಗುಂಡಣ್ಣ ಹೋಗಿ ನೋಡ್ಕೊಂಡು ಬಂದ್ರು. ನಾಟಕದ ಟಿಕೆಟ್ಟೂ ಅವರೇ ತರ್ತಾರೆ."

ಅತ್ತೆಯ ಪೂಜೆಯ ವಿಷಯ ಹಾಲಮ್ಮ ಯಾವತ್ತೋ ಮಾತಿಗೆ ಹೇಳಿದ್ದು. ಸ್ವಂತ ಅಪ್ಪನಿಗೇ ನೆನಪಾಗದ ಸಂಗತಿಯನ್ನು ಈ ಮನುಷ್ಯ ಕಾಗದದ ಮೇಲೆ ಬರೆದುಕೊಂಡಿದ್ದ!

ಅಯ್ಯೋ, ಇವರಿಗೆ ನಾವೇನಾಗಬೇಕು? ಎಂದು ಮನಸ್ಸು ಕೇಳಿತು. ಏನಾದರೂ ಆಗಲಿ ಎಂದು ಅದೇ ಮನಸ್ಸು ಹೇಳಿಕೊಂಡಿತು.

ಅವನ ಮುಖವನ್ನು ಅವಳು ಸರಿಯಾಗಿ ಕಂಡದ್ದು ಊರವರು ಶಾಲೆಯ ಬಯಲಿನಲ್ಲಿ ಆಡಿದ ನಾಟಕದ ದಿನ. ಓಂಕಾರಮೂರ್ತಿ ಪಕ್ಕದ ಪರದೆಯ ಹಿಂದೆ ಪುಸ್ತಕ ಹಿಡಿದು ನಿಂತು ಪಾತ್ರಧಾರಿಗಳಿಗೆ ಮಾತು ಎತ್ತಿಕೊಡುತ್ತಿದ್ದ. ರಾಜನ ಮಾತೂ ಅವನದೇ, ಮಂತ್ರಿಯ ಮಾತೂ ಅವನದೇ. ಕಳೆಯಾದ ಮುಖ, ಕೊಂಚ ಅಂಜುಬುರುಕ ಕಣ್ಣು.

ಮಾರನೆಯ ದಿನ ಹಾಲಮ್ಮ ಛೇಡಿಸಿದಳು. "ಎಲ್ಲರ ಮಾತೂ ನಿಮ್ಮ ಬಾಯಲ್ಲೇ ಇರುತ್ತೆ. ನಿಮ್ಮ ಮಾತು ಯಾವಾಗ?"

ಕಿಂಡಿಯೊಳಗೆ ಪೆನ್ನು ಮೇಜಿನ ಮೇಲೆ ಇಟ್ಟ ಸದ್ದಾಯಿತು.

"ಇದೆ ಒಂದು ಮಾತು. ಆ ಶನಿವಾರ ನಾನೂ ರಜ ಹಾಕಿ ಬೆಂಗಳೂರಿಗೆ ಬರ್ತೀನಿ. ನಾಟಕ ಮುಗಿದ ಮೇಲೆ ಹೇಳ್ತೀನಿ."

"ಇಲ್ಲೇ ಹೇಳಿ."

"ಕಿಂಡೀಲಿ ಹೇಳೋ ಮಾತಲ್ಲ ಟೀಚರ್ರೇ."

ಹಾಲಮ್ಮ ಮನೆಗೆ ನಡೆದು ಹೋದಳೋ ಹಾರಿ ಹೋದಳೋ ಅವಳಿಗೇ ತಿಳಿಯಲಿಲ್ಲ.

ಅವಳಿಗೂ ಒಂದು ಗುಟ್ಟಿತ್ತು. ಚಿಕ್ಕಂದಿನಲ್ಲಿ ಹಿರೇನಲ್ಲೂರಿನ ಅಜ್ಜಿಯ ಹೊಲದಲ್ಲಿ ಮಲಗಿ, ಆಕಾಶದಲ್ಲಿ ಚುಕ್ಕಿಯಂತೆ ಹೋಗುವ ವಿಮಾನ ನೋಡುತ್ತಿದ್ದಳು. ಅಷ್ಟು ಭಾರದ ವಸ್ತುವಿನ ಚಕ್ರ ನೆಲ ಬಿಡುವ ಗಳಿಗೆಯನ್ನು ಒಂದು ಸಲ ಕಣ್ಣಾರೆ ನೋಡಬೇಕು ಅನ್ನೋದು ಅವಳ ಆಸೆ. ಮಕ್ಕಳಿಗೆ ಮಗ್ಗಿ ಕಲಿಸುವ ಟೀಚರು ಇಂಥ ಆಸೆ ಹೇಳಿಕೊಂಡರೆ ನಗುತ್ತಾರೆ ಎಂದು ಕಾರಣ ಮಾತ್ರ ಹೇಳಲಿಲ್ಲ.

"ಶನಿವಾರ ಬೆಳಗ್ಗೆ ಏರೋಡ್ರಂಗೆ ಹೋಗೋದು ಹಾಕಿ. ಮರೀಬೇಡಿ."

"ಅಲ್ಲೇನಿದೆ?"

"ಅದೊಂದಿದೆ... ಆಮೇಲೆ ಹೇಳ್ತೀನಿ!" ಎಂದು ನಾಚಿ ನಕ್ಕಳು.

ಪಾಪ, ಆ ನಗುವೇ ಅವಳ ಐದು ವರ್ಷವನ್ನು ನುಂಗಿತು.

* * *

ಹೊರಡುವ ವಾರ ಓಂಕಾರಮೂರ್ತಿಯ ದನಿ ಬದಲಾಗಿತ್ತು. ಕೇಳಿದ್ದಕ್ಕಷ್ಟೇ ಉತ್ತರ. ನಾಚಿಕೆ ಇರಬೇಕು ಅಂದುಕೊಂಡಳು ಹಾಲಮ್ಮ.

ಕೊನೆಯ ಹಾಳೆಯನ್ನು ಕೈ ಹೊರಗೆ ತಳ್ಳಿತು. ಎಲ್ಲವೂ ಗುಂಡಗಿನ ಅಕ್ಷರದಲ್ಲಿತ್ತು. ಶುಕ್ರವಾರದ ರೈಲು, ಲಾಡ್ಜಿನ ರೂಮು. ಶನಿವಾರ ಬೆಳಗ್ಗೆ ಏರೋಡ್ರಂ, ಹತ್ತು ಕಾಲಿಗೆ ಬೊಂಬಾಯಿ ವಿಮಾನ. ಸಂಜೆ ಕಲಾಕ್ಷೇತ್ರ, ಆಸನ ಹತ್ತು, ಹನ್ನೊಂದು, ಹನ್ನೆರಡು, ಮಿಕ್ಕವರಿಗೆ ಹಿಂದಿನ ಸಾಲು.

"ಹತ್ತು ಅತ್ತೆಗೆ, ಹನ್ನೊಂದು ನಿಮಗೆ."

"ಹನ್ನೆರಡು ಯಾರಿಗೆ?"

ಒಳಗೆ ಟಿಕೆಟ್ಟಿಗೆ ತಾರೀಕು ಒತ್ತುವ ಯಂತ್ರ ಸುಮ್ಮನೆ ಖಟ್ ಎಂದಿತು.

"ನಿಮಗೆ ಗೊತ್ತಿಲ್ವಾ?" ಎಂದ ಓಂಕಾರಮೂರ್ತಿ.

ಹಾಲಮ್ಮನ ಕೆನ್ನೆ ಬಿಸಿಯಾಯಿತು. ಗೊತ್ತಿಲ್ಲದೆ ಏನು! ನನ್ನ ಪಕ್ಕ ನೀವಲ್ಲದೆ ಇನ್ಯಾರು?

"ಗೊತ್ತು," ಎಂದು ಪಿಸುಗುಟ್ಟಿ ಓಡಿದಳು.

* * *

ಏರೋಡ್ರಮ್ಮಿನಲ್ಲಿ ಟಿಕೆಟ್ ಕೊಂಡು ಮಹಡಿಯ ಗ್ಯಾಲರಿಗೆ ಹತ್ತಿದರು. ಕೆಳಗೆ ಬಿಸಿಲಿನಲ್ಲಿ ಒಂದು ವಿಮಾನ ಹೊರಡಲು ತಿರುಗಿ ನಿಂತಿತ್ತು. ಹಾಲಮ್ಮ ಕಂಬಿಗೆ ಎದೆ ಒತ್ತಿ ನಿಂತಳು. ಸದ್ದು ಏರಿತು. ವಿಮಾನ ಓಡತೊಡಗಿತು. ಇನ್ನೇನು... ಇನ್ನೇನು ಚಕ್ರ ನೆಲ ಬಿಡಬೇಕು...

"ಲೇ ಹಾಲಿ, ಈ ಕಡೆ ತಿರುಗೇ!" ಅತ್ತೆ ಕರಿಬಸಮ್ಮ ಅವಳ ಭುಜ ಹಿಡಿದು ತಿರುಗಿಸಿದಳು. "ಸೆರಗು ನೋಡು ಹೆಂಗಾಗೈತೆ. ತಲೆ ಬಗ್ಗಿಸು, ಹೂ ಜಾರ್ತಾ ಐತೆ."

"ತಾಳಿ ಅತ್ತೆ, ವಿಮಾನ..."

"ವಿಮಾನ ಎಲ್ಲಿಗೋಯ್ತದೆ? ಬಂದೋರು ಬಂದ್ಬಿಟ್ರು ಕಣೇ!"

ಸದ್ದು ಬೆನ್ನ ಹಿಂದೆಯೇ ಮೇಲೆದ್ದು ಸಣ್ಣಗಾಯಿತು. ಹಾಲಮ್ಮ ತಿರುಗಿ ನೋಡುವಷ್ಟರಲ್ಲಿ ಆಕಾಶದಲ್ಲಿ ಅದೇ ಹಳೆಯ ಚುಕ್ಕಿ.

ಅಪ್ಪ ಕೆಳಗೆ ಯಾರಿಗೋ ಕೈಮುಗಿಯುತ್ತಿದ್ದರು. ಬೊಂಬಾಯಿಯಿಂದ ಇಳಿದ ಕನ್ನಡಕದ ಹುಡುಗ, ಅವನನ್ನು ಎದುರುಗೊಳ್ಳಲು ಬಂದ ಅವನ ತಂದೆತಾಯಿ.

"ಅತ್ತೆ... ಏನಿದು?"

"ಏನಿದು ಅಂದ್ರೆ? ದಾವಣಗೆರೆ ಸಂಬಂಧ. ಹುಡುಗ ಇಂಜಿನಿಯರ್ರು, ಚಂದ್ರಮೌಳಿ ಅಂತ. ಮನೇಲಿ ತೋರಿಸಿ ಎರಡು ಸಲ ಬೇಡ ಅಂದೋದ್ರು, ಊರೆಲ್ಲ ಆಡ್ಕಂತು. ಅದ್ಕೇ ನಿಮ್ಮಪ್ಪ ಈ ಸಲ ನಾಟಕದ ನೆಪ ಮಾಡಿ ಇಲ್ಲೇ ತೋರಿಸ್ತಾವ್ನೆ. ಒಪ್ಪಿದ್ರೆ ಸೈ, ಒಪ್ಪದಿದ್ರೆ ಊರಿಗೆ ಗೊತ್ತಾಗಾಕಿಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೇಳಿದ್ರೆ ನೀನು ಬತ್ತಿದ್ದೇನೇ?"

ಹಾಲಮ್ಮ ಚೀಲದಿಂದ ಹಾಳೆ ತೆಗೆದಳು. ಹತ್ತು ಕಾಲಿಗೆ ಬೊಂಬಾಯಿ ವಿಮಾನ. ಆಸನ ಹನ್ನೆರಡು. ಅದೇ ಗುಂಡಗಿನ ಅಕ್ಷರ, ಒಂದು ಕಾಟು ಇಲ್ಲ, ಒಂದು ಗೀಟು ಇಲ್ಲ.

ಗೊತ್ತಿತ್ತು! ಕಿಂಡಿಯೊಳಗಿನವರಿಗೆ ಎಲ್ಲಾ ಗೊತ್ತಿತ್ತು! ನನ್ನನ್ನು ಇನ್ನೊಬ್ಬನ ಮುಂದೆ ಕೂರಿಸೋಕೆ ಕುರ್ಚಿಯ ನಂಬರು ಕೂಡ ಅವರೇ ಆರಿಸಿದ್ದರು!

ಕಣ್ಣೀರು ಬರಲಿಲ್ಲ. ಬಾಯಲ್ಲಿ ಹಾಗಲಕಾಯಿ ಕಚ್ಚಿದ ಕಹಿ ಮಾತ್ರ ಉಳಿಯಿತು.

ಸಂಜೆ ಕಲಾಕ್ಷೇತ್ರದಲ್ಲಿ ಹನ್ನೆರಡನೆಯ ಕುರ್ಚಿಗೆ ಚಂದ್ರಮೌಳಿ ಬಂದು ಕೂತ. ಕೆಟ್ಟವನಲ್ಲ. ದೀಪ ಆರಿ ಪರದೆ ಸರಿಯಿತು. ಐದು ವಾರ ಕಾದ ನಾಟಕದ ಒಂದು ಮಾತೂ ಹಾಲಮ್ಮನ ಕಿವಿಗೆ ಹೋಗಲಿಲ್ಲ. ಒಂದು ಕಡೆ ಜನರೆಲ್ಲ ನಕ್ಕಾಗ, ಅತ್ತೆಗೆ ಕೇಳಿಸದ ಹಾಗೆ ಅವನ ಕಡೆ ಬಾಗಿದಳು.

"ನನಗೆ ಇದೊಂದೂ ಗೊತ್ತಿರಲಿಲ್ಲ. ನನಗೆ ಒಪ್ಪಿಗೆ ಇಲ್ಲ. ನಿಮ್ಮ ದಮ್ಮಯ್ಯ, ನೀವೇ ಬೇಡ ಅಂದ್ಬಿಡಿ."

ಚಂದ್ರಮೌಳಿ ಅವಳನ್ನೇ ನೋಡಿ, ಮೆಲ್ಲಗೆ ತಲೆಯಾಡಿಸಿದ. ಹಾಲಮ್ಮ ಉಪಕಾರವಾಯಿತು ಎಂಬಂತೆ ಸಣ್ಣಗೆ ನಕ್ಕಳು.

ಆದರೆ ಅವನು ಸುಳ್ಳು ಹೇಳಲು ಬಾರದ ಜಾತಿ. ಬೀಗರಾಗಬೇಕಾದವರು ಎದುರುಬದುರು ಕೂತಾಗ, "ಹುಡುಗಿಗೇ ಇಷ್ಟ ಇಲ್ಲವಂತೆ" ಎಂದು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟ.

ಮಲ್ಲಿಕಾರ್ಜುನಪ್ಪನವರು ಹೊಡೆಯಲಿಲ್ಲ, ಬಯ್ಯಲಿಲ್ಲ. "ಎರಡು ಸಲ ಅವರು ಬೇಡ ಅಂದ್ರು, ತಡ್ಕಂಡೆ. ಈ ಸಲ ಬಂದೋರ ಎದುರಿಗೆ ನನ್ನ ಮಗಳೇ ನನ್ನ ಮೀಸೆ ಬೋಳಿಸಿದ್ಲು," ಎಂದರು. ಮಗಳೊಂದಿಗೆ ಅವರು ಆಡಿದ ಕೊನೆಯ ಮಾತು ಅದು.

ಭಾನುವಾರ ಬೆಳಗಿನ ಗಾಡಿಗೇ ಊರಿಗೆ ತಿರುಗಿದರು. ಎರಡನೆಯ ನಾಟಕದ ಟಿಕೆಟ್ಟುಗಳು ಹಾಲಮ್ಮನ ಚೀಲದಲ್ಲಿ ಹರಿಯದೆ ಉಳಿದವು.

* * *

ಸೋಮವಾರ ಮಧ್ಯಾಹ್ನ ಮೂರಕ್ಕೆ ಕಿಂಡಿಯೊಳಗೆ ಅಷ್ಟೂ ಹಾಳೆಗಳು ಬಿದ್ದವು.

"ತಗೊಳ್ಳಿ ನಿಮ್ಮ ಯೋಜನೆ. ಚೆನ್ನಾಗಿತ್ತು, ಒಂದೂ ತಪ್ಪಿಲ್ಲ. ವಿಮಾನ ಕೂಡ ಹೊತ್ತಿಗೆ ಸರಿಯಾಗಿ ಇಳೀತು!"

ಕೈ ಹಾಳೆಗಳನ್ನು ಮುಟ್ಟಲಿಲ್ಲ.

"ಒಳ್ಳೇದಾಗ್ಲಿ ಟೀಚರ್ರೇ."

"ಎಲ್ಲಾ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

ಇನ್ನೇನು ಕೇಳುವುದು? ಒಂದು ಮಾತು ಹೇಳೋದಿದೆ ಅಂದವನ ಬಾಯಿಂದ ಬಂದ ಮಾತು ಇದು! ಹಾಲಮ್ಮ ತಿರುಗಿ ನೋಡದೆ ನಡೆದಳು. ತಿರುಗಿದ್ದರೆ, ಆ ಕೈ ಹಾಳೆಗಳನ್ನು ಒಂದೊಂದಾಗಿ ಜೋಡಿಸಿ ಮಡಚುವುದು ಕಾಣುತ್ತಿತ್ತು. ಇಬ್ಬರಿಗೂ ಅಭಿಮಾನ ದೊಡ್ಡದು. ಅಭಿಮಾನ ಹೊಟ್ಟೆ ತುಂಬಿಸುವುದಿಲ್ಲ ಅನ್ನುವ ತಿಳಿವಳಿಕೆ ಆ ವಯಸ್ಸಿಗೆ ಎಲ್ಲಿಂದ ಬರಬೇಕು?

ತಿಂಗಳೊಳಗೆ ಓಂಕಾರಮೂರ್ತಿ ತಾನೇ ಕೇಳಿಕೊಂಡು ಗದಗದ ಕಡೆಗೆ ವರ್ಗ ಮಾಡಿಸಿಕೊಂಡು ಹೋದ ಎಂದು ಸುದ್ದಿ ಬಂತು.

* * *

ಗುಟ್ಟಾಗಿ ಇಟ್ಟದ್ದು ಗುಟ್ಟಾಗಿ ಉಳಿಯಲಿಲ್ಲ. ಚಿಕ್ಕಮ್ಮ ನೀರು ಸೇದುವಾಗ ಒಬ್ಬರಿಗೆ ಹೇಳಿದಳು. ಒಬ್ಬರು ಊರಿಗೆ ಹೇಳಿದರು. "ವಿಮಾನದಾಗೆ ಬಂದ ಗಂಡನ್ನೇ ಬ್ಯಾಡ ಅಂದೋಳು, ನಮ್ಮ ಹುಡುಗನ್ನ ಒಪ್ತಾಳಾ?" ಎಂದು ಬೇರೆ ಸಂಬಂಧಗಳೂ ಹೊಸಲು ತುಳಿಯಲಿಲ್ಲ.

ಒಂದೇ ಮನೆಯಲ್ಲಿ ಅಪ್ಪ ಮಗಳು ಅತ್ತೆಯ ಮೂಲಕ ಮಾತಾಡಿದರು. "ಊಟಕ್ಕೆ ಬರಾಕೇಳು." "ಹಸಿವಿಲ್ಲ ಅಂತೇಳು." ಎರಡು ವರ್ಷ ಹಾಗೆ ಕಳೆದು, ಹಾಲಮ್ಮ ತರೀಕೆರೆಗೆ ವರ್ಗ ಮಾಡಿಸಿಕೊಂಡಳು. ಇನ್ನೆರಡು ವರ್ಷಕ್ಕೆ ಅಪ್ಪ ಹಾಸಿಗೆ ಹಿಡಿದರು. ಓಡಿ ಬಂದು ಬಾಯಿಗೆ ನೀರು ಬಿಡಹೋದ ಮಗಳ ಕೈಯನ್ನು ನೋಡಿ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಆ ಲೋಟ ಅವಳ ಕೈಯಲ್ಲೇ ಉಳಿಯಿತು.

ಆಮೇಲೆ ಹಾಲಮ್ಮ ನಾಟಕ ನೋಡಲಿಲ್ಲ. ಆಕಾಶದಲ್ಲಿ ಸದ್ದಾದರೆ ತಲೆ ಎತ್ತಲಿಲ್ಲ.

* * *

1986ರ ಆಗಸ್ಟ್. ತರೀಕೆರೆಯ ಶಾಲೆಯಿಂದ ಹದಿನಾಲ್ಕು ಮಕ್ಕಳನ್ನೂ ಮೂವರು ಟೀಚರುಗಳನ್ನೂ ಬೆಂಗಳೂರಿಗೆ ಮಕ್ಕಳ ನಾಟಕ ನೋಡಲು ಕಳಿಸುವುದೆಂದಾಯಿತು. ಹೆಡ್ಮಾಷ್ಟ್ರು ವ್ಯವಸ್ಥೆಯನ್ನು ಹಾಲಮ್ಮನ ತಲೆಗೆ ಕಟ್ಟಿದರು. ಬೇಡವೆಂದರೂ ಕೇಳಲಿಲ್ಲ. ಅಷ್ಟು ಸೀಟು ಬೀರೂರು ಜಂಕ್ಷನ್ನಿನಲ್ಲೇ ಕಾದಿರಿಸಬೇಕಿತ್ತು. ಶನಿವಾರ ಶಾಲೆ ಬಿಟ್ಟ ಮೇಲೆ ಬಂದು ಸಾಲಿನಲ್ಲಿ ನಿಂತಳು.

ಅವಳ ಸರದಿ ಬಂತು. ಫಾರಮ್ಮನ್ನೂ, ಪ್ರಯಾಣದ ವಿವರ ಬರೆದ ಹಾಳೆಯನ್ನೂ ಕಿಂಡಿಯೊಳಗೆ ತಳ್ಳಿದಳು. ಒಳಗಿನಿಂದ ಒಂದು ಕೈ ಬಂದು ಅದನ್ನು ಹಿಡಿಯಿತು.

ತೋರುಬೆರಳಿಗೆ ಮಸಿ ಮೆತ್ತಿತ್ತು.

ಆ ಕೈ ಅವಳ ಅಕ್ಷರದ ಮೇಲೆ ಹಾಗೇ ನಿಂತಿತು.

ಆಮೇಲೆ ದನಿ ಬಂತು. ಅದೇ ದನಿ, ಕೊಂಚ ಒರಟಾಗಿತ್ತು.

"ಮಕ್ಕಳನ್ನ ಎಲ್ಲಿ ಇಳಿಸ್ತೀರಿ ಟೀಚರ್ರೇ?"

"ಛತ್ರದಲ್ಲಿ. ಪೂಜೆ ಮಾಡೋರು ಯಾರೂ ಇಲ್ಲ."

"ಇಲ್ಲಿ 'ಏರೋಡ್ರಂ ಬೇಡ' ಅಂತ ಬರೆದು ಅಡಿಗೆರೆ ಎಳೆದಿದೀರಿ. ಮಕ್ಕಳು ಆಸೆಪಡ್ತಾರೆ. ನಿಮಗೂ... ನಿಮ್ಮ ಯಜಮಾನರು ಬಂದಿಳಿದ ಜಾಗ. ತೋರಿಸಬಹುದಿತ್ತು."

"ಯಾವ ಯಜಮಾನರು?"

"ಬೊಂಬಾಯಿಯವರು."

ಹಾಲಮ್ಮ ಕಿಂಡಿಯ ಅಂಚು ಹಿಡಿದು ಬಗ್ಗಿದಳು.

"ನಾನು ಮದುವೆ ಆಗಿಲ್ಲ ಕಣ್ರೀ! ಅವತ್ತು ಸಂಜೆನೇ ಬೇಡ ಅಂದೆ! ನಾಟಕ ನಡೀತಿರುವಾಗಲೇ, ಅವರ ಕಡೆ ಬಗ್ಗಿ, ನನಗೆ ಒಪ್ಪಿಗೆ ಇಲ್ಲ ಅಂತ ಹೇಳ್ದೆ!"

ಕಿಂಡಿಯ ಒಳಗೆ ಕುರ್ಚಿ ಸರಿದ ಸದ್ದಾಯಿತು.

"ಬಗ್ಗಿ ಹೇಳಿದ್ದು... ಅದಾ?"

"ನಿಮಗೆ ಹೇಗೆ ಗೊತ್ತು?"

"ನಾನೂ ಬಂದಿದ್ದೆ. ಬರ್ತೀನಿ ಅಂದಿದ್ನಲ್ಲ? ಕಡೇ ಸಾಲಲ್ಲಿ ಗೋಡೆಗೆ ಒರಗಿ ಕೂತಿದ್ದೆ. ನಿಮ್ಮ ಜಡೆ ಮಾತ್ರ ಕಾಣ್ತಿತ್ತು. ನೀವು ಅವರ ಕಡೆ ಬಗ್ಗಿದ್ರಿ, ಅವರು ತಲೆಯಾಡಿಸಿದ್ರು, ಪಕ್ಕಕ್ಕೆ ತಿರುಗಿದ್ದ ನಿಮ್ಮ ಮುಖ ನಕ್ಕಿದ್ದು ರಂಗದ ಬೆಳಕಲ್ಲಿ ಕಾಣ್ತು. ಅಷ್ಟು ನೋಡಿ ಎದ್ದು ಬಂದ್ಬಿಟ್ಟೆ."

"ಎಲ್ಲಾ ಗೊತ್ತಿದ್ದೂ ಕುರ್ಚಿ ನಂಬರು ಬರೆದುಕೊಟ್ರಲ್ಲ! ಯಾಕೆ?"

"ಹೊರಡೋ ಮುಂಚಿನ ವಾರ ನಿಮ್ಮಪ್ಪಾಜಿ ಬಂದ್ರು. ಹೀಗೀಗೆ, ಬೊಂಬಾಯಿಯಿಂದ ಗಂಡು ಬರ್ತಾನೆ, ಮಗಳೂ ಒಪ್ಪಿದಾಳೆ, ನಾಚ್ಕೆ, ಅವಳ ಹತ್ರ ಮಾತೆತ್ತಬೇಡಪ್ಪ ಅಂದ್ರು. ನನಗೆ ನಂಬಿಕೆ ಬರಲಿಲ್ಲ. ಆದ್ರೆ ನೀವು ದಿನಾ ಏರೋಡ್ರಂ ಏರೋಡ್ರಂ ಅಂತಿದ್ರಿ. ಅಲ್ಲೇನಿದೆ ಅಂದ್ರೆ ನಾಚ್ತಿದ್ರಿ. ಹನ್ನೆರಡು ಯಾರಿಗೆ ಅಂತ ಗೊತ್ತು ಅಂದ್ರಿ. ನಾನು ಇನ್ನೇನು ತಿಳ್ಕೊಳ್ಳಲಿ? ಏರೋಡ್ರಂನಲ್ಲಿ ನಿಮಗೆ ಬೇರೆ ಯಾರನ್ನ ನೋಡ್ಬೇಕಿತ್ತು?"

"ವಿಮಾನ!" ಹಾಲಮ್ಮ ಕೂಗಿಯೇಬಿಟ್ಟಳು. "ಬರೀ ವಿಮಾನ ಕಣ್ರೀ! ಅದರ ಚಕ್ರ ನೆಲ ಬಿಡೋದನ್ನ ನೋಡ್ಬೇಕಿತ್ತು! ಹೇಳಿದ್ರೆ ನಗ್ತೀರ ಅಂತ ಹೇಳ್ಲಿಲ್ಲ. ಅದೂ ಕಾಣಲಿಲ್ಲ, ಸೆರಗು ಸರಿಮಾಡ್ತೀನಿ ಅಂತ ಅತ್ತೆ ಆ ಗಳಿಗೇಲೇ ತಿರುಗಿಸಿಬಿಟ್ರು. ಹನ್ನೆರಡು ನಿಮಗೇ ಅಂದ್ಕೊಂಡಿದ್ದೆ..."

ಹಿಂದೆ ನಿಂತಿದ್ದ ಯಗಟಿಯ ಸಣ್ಣಬೀರಪ್ಪ ಕಂಬಳಿ ಹೆಗಲ ಮೇಲೆ ಎಳೆದುಕೊಂಡು ಕೆಮ್ಮಿದ. "ಏನವ್ವೋ, ಇಮಾನದ ಮಾತು ಆಮ್ಯಾಕೆ ಆಡ್ಕಳ್ಳಿ. ನಮ್ಮ ರೈಲು ಬತ್ತೈತೆ."

ಯಾರೂ ಅವನ ಕಡೆ ನೋಡಲಿಲ್ಲ.

"ಒಂದು ಮಾತು," ಹಾಲಮ್ಮನ ದನಿ ತಗ್ಗಿತು, ತಗ್ಗಿದಷ್ಟೂ ಕಹಿಯಾಯಿತು. "ನನ್ನ ಒಂದೇ ಒಂದು ಮಾತು ಕೇಳಬಾರದಿತ್ತಾ ನೀವು? 'ಇದು ನಿಜವಾ' ಅಂತ? ಅತ್ತೆಗೆ ಬಿಸಿನೀರು ಸಿಗುತ್ತಾ ಅಂತ ಗಾರ್ಡನ್ನ ಕಳಿಸಿ ವಿಚಾರಿಸಿದ್ರಿ. ನನ್ನ ಮನಸ್ಸನ್ನ ವಿಚಾರಿಸೋಕೆ ನಿಮಗೆ ಯಾರೂ ಸಿಗಲಿಲ್ವಾ? ಎಲ್ಲರ ಮಾತೂ ಎತ್ತಿಕೊಟ್ರಿ... ನಮ್ಮಪ್ಪನ ಮಾತನ್ನೂ ಎತ್ತಿಕೊಟ್ರಿ. ಅಪ್ಪ ಸಾಯೋವಾಗ ನನ್ನ ಕೈಯಿಂದ ನೀರು ಕುಡಿಯಲಿಲ್ಲ, ಗೊತ್ತಾ?"

ಫಾರಮ್ಮಿನ ಮೇಲಿದ್ದ ಕೈ ಮೆಲ್ಲಗೆ ಒಳಗೆ ಸರಿಯಿತು.

"ನಿಮಗೋಸ್ಕರ ಬೇಡ ಅಂದೆ ಅಂತ ಬೀಗಬೇಡಿ. ನನಗೋಸ್ಕರ ಅಂದೆ. ಆದ್ರೆ ವಾಪಸ್ ಬಂದಾಗ ನೀವಿರ್ತೀರ ಅಂತ ನಂಬಿದ್ದೆ. ನೀವು 'ಒಳ್ಳೇದಾಗ್ಲಿ' ಅಂದ್ರಿ."

ಕಿಂಡಿಯ ಹಲಗೆ ಮುಚ್ಚಿತು. ಸಾಲಿನವರು ಗೊಣಗಿದರು. ಮುಗಿಯಿತು, ಇವರಿಗೆ ಬರುವುದು ಇದೊಂದೇ ಎಂದುಕೊಂಡು ಹಾಲಮ್ಮ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಪಕ್ಕದ ಬಾಗಿಲು ತೆರೆಯಿತು. ಓಂಕಾರಮೂರ್ತಿ ಹೊರಗೆ ಬಂದು ಎದುರು ನಿಂತ. ಕಿವಿಯ ಮೇಲಿನ ಕೂದಲು ನೆರೆತಿತ್ತು. ಐದು ವರ್ಷದಲ್ಲಿ ಹತ್ತು ವರ್ಷ ಕಳೆದವನಂತಿದ್ದ. ಅವನ ಕೈಯಲ್ಲಿ ಅವಳು ತುಂಬಿದ ಫಾರಮ್ಮಿತ್ತು, ಅದರ ಕೆಳಗೆ ಮಡಿಕೆಗಳಲ್ಲಿ ಸವೆದು ಹಳದಿಯಾದ ಕೆಲವು ಹಳೆಯ ಹಾಳೆಗಳು. ಅವಳು ಎಸೆದು ಹೋದವು!

"ತಪ್ಪು ನಂದು," ಎಂದ. "ನಿಮ್ಮಪ್ಪಾಜಿ ದೊಡ್ಡೋರು, ನಾನು ಗುಮಾಸ್ತ. ವಿಮಾನದಲ್ಲಿ ಬರೋನ ಮುಂದೆ ನಾನೇನು ಅಂತ ಹೆದರಿದೆ. ಕೇಳಿದ್ರೆ ನೀವು ನಕ್ಕುಬಿಡ್ತೀರಿ ಅಂತ ಹೆದರಿದೆ. ಆ ಹೆದರಿಕೆಗೆ ತ್ಯಾಗ ಅಂತ ಹೆಸರಿಟ್ಕೊಂಡು ಐದು ವರ್ಷ ಊರೂರು ತಿರುಗಿದೆ. ಮದುವೆ ಆಗ್ಲಿಲ್ಲ. ಅದೇನು ದೊಡ್ಡಸ್ತಿಕೆ ಅಲ್ಲ, ಆಗೋಕೆ ಮನಸ್ಸು ಬರಲಿಲ್ಲ."

"ಆ ಐದು ವರ್ಷ ಯಾರು ವಾಪಸ್ ಕೊಡ್ತಾರೆ?"

"ಯಾರೂ ಕೊಡಲ್ಲ."

ಸುಳ್ಳು ಸಮಾಧಾನ ಹೇಳದ ಆ ಮಾತಿಗೆ ಹಾಲಮ್ಮನ ಕಟ್ಟೆ ಒಡೆಯಿತು. ಪ್ಲಾಟ್‌ಫಾರಮ್ಮಿನ ಜನರ ಮಧ್ಯೆ ಸೆರಗು ಬಾಯಿಗೊತ್ತಿ ಅತ್ತಳು. ಅಪ್ಪನಿಗಾಗಿ ಅತ್ತಳು, ಲೋಟದಲ್ಲೇ ಉಳಿದ ನೀರಿಗಾಗಿ ಅತ್ತಳು. ಅವನು ಮುಟ್ಟಲಿಲ್ಲ, ಸುಮ್ಮನಿರು ಅನ್ನಲಿಲ್ಲ. ಅಳು ನಿಲ್ಲುವವರೆಗೆ ಅಲ್ಲೇ ನಿಂತ.

ಅವಳಿಗೆ ಅವನ ಮೇಲಿನ ಸಿಟ್ಟು ಪೂರ್ತಿ ಹೋಗಲಿಲ್ಲ. ಅದು ಬೇಗ ಹೋಗುವಂಥದೂ ಅಲ್ಲ. ಆದರೆ ಸಿಟ್ಟಿನ ಅಡಿಯಲ್ಲಿ, ಬೂದಿ ಮುಚ್ಚಿದ ಕೆಂಡದಂತೆ, ಮಧ್ಯಾಹ್ನ ಮೂರು ಗಂಟೆಯ ಆ ಮಾತುಗಳು ಹಾಗೇ ಇದ್ದವು. ಅವನ್ನು ಅವಳಿಂದ ಮುಚ್ಚಿಡಲಾಗಲಿಲ್ಲ.

"ನಾಟಕ ಮುಗಿದ ಮೇಲೆ ಒಂದು ಮಾತು ಹೇಳ್ತೀನಿ ಅಂದಿದ್ರಿ," ಎಂದಳು ಮೂಗೊರೆಸಿಕೊಂಡು. "ನನ್ನ ಪಾಲಿಗೆ ನಾಟಕ ಮುಗಿದು ಐದು ವರ್ಷ ಆಯ್ತು. ಇನ್ನೂ ಹೇಳಿಲ್ಲ."

ಓಂಕಾರಮೂರ್ತಿ ಬಾಯಿ ತೆರೆದ. ಮಾತು ಬರಲಿಲ್ಲ.

"ಎತ್ತಿಕೊಡ್ಲಾ?" ಎಂದಳು ಹಾಲಮ್ಮ.

ಅವನು ಬೇಡವೆಂದು ತಲೆಯಾಡಿಸಿದ. ಅವಳನ್ನು ನೇರವಾಗಿ ನೋಡಿದ. ನಡುವೆ ಕಿಂಡಿಯಿಲ್ಲದೆ ಅವರಿಬ್ಬರೂ ಎದುರು ನಿಂತದ್ದು ಅದೇ ಮೊದಲು.

"ಹಾಲಮ್ಮ... ನನ್ನ ಮದುವೆ ಆಗ್ತೀಯಾ?"

ಟೀಚರ್ರೇ ಎನ್ನಲಿಲ್ಲ, ನೀವು ಎನ್ನಲಿಲ್ಲ! ಅವಳು ಉತ್ತರ ಕೊಡದೆ ಅವನ ಕೈಯಿಂದ ಫಾರಂ ಎಳೆದುಕೊಂಡಳು, ಅವನ ಜೇಬಿನ ಪೆನ್ನನ್ನೂ ಕಿತ್ತುಕೊಂಡಳು. ಹದಿನೇಳು ಹೆಸರಿನ ಕೆಳಗೆ ಹದಿನೆಂಟನೆಯದನ್ನು ಬರೆದಳು.

"ವಯಸ್ಸು?"

"ಮೂವತ್ತಮೂರು."

"ಈ ಸಲ ಕಡೇ ಸಾಲಲ್ಲಿ ಕೂರಂಗಿಲ್ಲ."

"ಇಲ್ಲ."

"ಏನಾದ್ರೂ ಅನುಮಾನ ಬಂದ್ರೆ ಮೊದಲು ನನ್ನ ಕೇಳ್ಬೇಕು."

"ಕೇಳ್ತೀನಿ." ಅವನು ಹಾಳೆಯ ಮೇಲಿನ ಗೆರೆ ಎಳೆದ ಸಾಲನ್ನು ತೋರಿಸಿದ. "ಹಾಗಿದ್ರೆ ಕೇಳೇಬಿಡ್ತೀನಿ. ಇದನ್ನ ಏನು ಮಾಡ್ಲಿ? ಏರೋಡ್ರಂ ಬೇಡವಾ?"

ಹಾಲಮ್ಮ ಆ ಸಾಲನ್ನು ತುಂಬ ಹೊತ್ತು ನೋಡಿದಳು. ಆಮೇಲೆ 'ಬೇಡ' ಅನ್ನುವುದನ್ನು ಮಾತ್ರ ಹೊಡೆದು ಹಾಕಿದಳು.

"ಹೋಗಾನ. ಯಾರೂ ಬಂದಿಳಿಯೋದು ಬೇಡ. ಬರೀ ವಿಮಾನ ನೋಡ್ಕೊಂಡು ಬರಾನ."

"ಅದು ಮೇಲೆ ಏಳೋವಾಗ ನಿನ್ನ ಸೆರಗು ಜಾರಿದ್ರೆ?"

"ಜಾರಲಿ ಬಿಡಿ," ಎಂದಳು ಹಾಲಮ್ಮ. "ನನ್ನ ಮಾತ್ರ ತಿರುಗಿಸಬೇಡಿ."